ಬ್ಯಾಡಗಿಯ ಕೆಂಪಿಗೆ ಅಳತೆ ಉಂಟು, ಮೈಮೇಲಿನ ಕೆಂಪಿಗೆ?

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣದಿಂದ. ಖಾರ ಕಡಿಮೆ, ಕೆಂಪು ಹೆಚ್ಚು. ಖರೀದಿದಾರರು ಕಾಯಿಯನ್ನು ಕೈಯಲ್ಲಿ ಹಿಡಿದು, ಸುಕ್ಕು ನೋಡಿ, ಮುರಿದು ಬಣ್ಣ ನೋಡುತ್ತಾರೆ. ಬಣ್ಣದ ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಯವರಿಗೆ ಅಷ್ಟು ಸಾಲದು. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ದ್ರವದ ಮೂಲಕ 460 ನ್ಯಾನೋಮೀಟರ್ ಅಲೆಯ ಬೆಳಕು ಹಾಯಿಸಿ, ಎಷ್ಟು ಬೆಳಕನ್ನು ಅದು ನುಂಗಿತು ಎಂದು ಯಂತ್ರದಲ್ಲಿ ಅಳೆಯುತ್ತಾರೆ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ಗೊತ್ತುಮಾಡಿದ ಈ ಅಳತೆಯ ಹೆಸರು ‘ಆಸ್ಟಾ’. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಕಾಯಿಯ ಕೆಂಪು ಹೀಗೆ ಅಂಕಿಯಾಗಿ ದೇಶ ದಾಟುತ್ತದೆ.

ಅದೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈಉರಿಗೆ, ಹೊಲದಲ್ಲಿ ಕಾಂಗ್ರೆಸ್ ಕಸ ಕಿತ್ತವರ ಕುತ್ತಿಗೆಯ ತುರಿಕೆಗೆ, ಮೊಣಕೈ ಮೇಲೆ ಹೊಟ್ಟೇಳುವ ಸೋರಿಯಾಸಿಸ್‌ಗೆ ಇಂಥದೊಂದು ಅಳತೆ ಇದೆಯೇ? ಚರ್ಮ ಯಾಕೆ ಉರಿಯುತ್ತಿದೆ ಎಂಬುದನ್ನು ಕೊಯ್ಯದೆ, ಚುಚ್ಚದೆ ನೋಡುವ ದಾರಿ ಯಾವಾಗ ಶುರುವಾಯಿತು? ಆ ದಾರಿ ನಮ್ಮ ಮೈಬಣ್ಣದವರೆಗೆ ಬರಲು ಎಷ್ಟು ಕಾಲ ಹಿಡಿಯಿತು? ಈ ಬರಹ ಆ ಚರಿತ್ರೆಯ ಕುರಿತಾದದ್ದು.

ನಮ್ಮ ಭಾಗವನ್ನು ಅರಿಯದವರಿಗಾಗಿ ಎರಡು ಮಾತು. ಕರ್ಜಗಿ ಹಾವೇರಿ ತಾಲೂಕಿನ ಊರು, ಕಾರಹುಣ್ಣಿಮೆಗೆ ಹೆಸರಾದದ್ದು. ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯಲ್ಲಿ ಈ ಹೆಸರಿನ ತಾಲೂಕೇ ಇತ್ತು. ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗುವ ರೈಲು ಸವಣೂರು, ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ನಿಲ್ದಾಣಗಳನ್ನು ಪೋಣಿಸಿಕೊಂಡು ಸಾಗುತ್ತದೆ. ಈ ಸಾಲಿನ ಊರುಗಳಲ್ಲಿ ಬಿಸಿಲಿನಲ್ಲಿ ದುಡಿಯುವ ಜನ ಹೆಚ್ಚು. ಚರ್ಮದ ಕಾಯಿಲೆಗೆ ರಜೆ ಹಾಕುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ.

ಕೆಂಪಿನಿಂದ ಶುರುವಾದ ವೈದ್ಯ

ಉರಿಯೂತ ಎಂದರೇನು ಎಂಬುದಕ್ಕೆ ಪಶ್ಚಿಮದ ವೈದ್ಯ ಕೊಟ್ಟ ಹಳೆಯ ಉತ್ತರ ಸುಮಾರು ಎರಡು ಸಾವಿರ ವರ್ಷದ್ದು. ಒಂದನೆಯ ಶತಮಾನದ ರೋಮಿನ ಲೇಖಕ ಸೆಲ್ಸಸ್ ನಾಲ್ಕು ಗುರುತು ಹೇಳಿದ: ಕೆಂಪು, ಬಾವು, ಬಿಸಿ, ನೋವು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಇದನ್ನೇ ಬಾಯಿಪಾಠ ಮಾಡುತ್ತಾರೆ. ಪಟ್ಟಿಯಲ್ಲಿ ಮೊದಲು ಬರುವುದು ಕೆಂಪು.

ನಮ್ಮ ಹಿರಿಯರೂ ಚರ್ಮವನ್ನು ನೋಡಿಯೇ ಹೆಸರಿಟ್ಟವರು. ಆದರೆ ಅವರ ಹೆಸರುಗಳಲ್ಲಿ ಕೆಂಪಿಗೆ ಅಂಥ ಪಟ್ಟವಿಲ್ಲ. ಉಂಗುರದಂತೆ ಅಂಚು ಕಟ್ಟಿಕೊಂಡು ಹಬ್ಬಿದರೆ ಹುಳುಕಡ್ಡಿ, ಗಜಕರ್ಣ. ಕೀವು ಸೋರಿ, ಒಣಗಿ, ಮತ್ತೆ ಸೋರಿದರೆ ಇಸುಬು. ಬೆರಳ ಸಂದಿಯಲ್ಲಿ ಕಡಿತ ಶುರುವಾಗಿ ಮನೆಮಂದಿಗೆಲ್ಲ ಹರಡಿದರೆ ಕಜ್ಜಿ. ಬೆನ್ನ ಮೇಲೆ ಬಣ್ಣಗೆಟ್ಟ ಮಚ್ಚೆಯಾದರೆ ಚಿಬ್ಬು. ಆಕಾರ, ಜಾಗ, ಕಡಿತದ ರೀತಿ, ಮೈಬಣ್ಣದಲ್ಲಾದ ಏರುಪೇರು ನೋಡಿ ಹೇಳುತ್ತಿದ್ದರು. ಕಾರಣ ಸರಳ: ಕಂದು, ಎಣ್ಣೆಗೆಂಪು, ಕಪ್ಪು ಮೈಯಲ್ಲಿ ಉರಿಯೂತ ಕೆಂಪಾಗಿ ಕಾಣುವುದು ಕಡಿಮೆ. ಅದು ನೇರಳೆಯಾಗಿ, ಗಾಢ ಕಂದಾಗಿ, ಬೂದಿಯಾಗಿ ಕಾಣುತ್ತದೆ. ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ.

ಹೀಗಾಗುವುದಕ್ಕೆ ಕಾರಣ ಬೆಳಕಿನದೇ. ಉರಿಯೂತದಲ್ಲಿ ರಕ್ತನಾಳಗಳು ಹಿಗ್ಗಿ ಹೆಚ್ಚು ರಕ್ತ ಹರಿಯುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಡುತ್ತದೆ, ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ರಕ್ತನಾಳದ ಮೇಲಿನ ಪದರದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಇದೆ. ಮೈಬಣ್ಣ ಕೊಡುವುದು ಇದೇ. ಇದು ಹೆಚ್ಚಿದ್ದಲ್ಲಿ ಬೆಳಕಿನ ದೊಡ್ಡ ಪಾಲನ್ನು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಾನೇ ನುಂಗಿಕೊಳ್ಳುತ್ತದೆ. ಉರಿ ಅಷ್ಟೇ ಇರುತ್ತದೆ; ಹೊರಗೆ ಕಾಣುವ ಕೆಂಪು ಮಾತ್ರ ಕಡಿಮೆ.

ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ನೆನಪಿಸಿಕೊಳ್ಳಿ. ಅದೂ ಚರ್ಮದ ಮೂಲಕ ಬೆಳಕು ಹಾಯಿಸುವ ಯಂತ್ರವೇ. ಕಪ್ಪು ಚರ್ಮದವರಲ್ಲಿ ಆಮ್ಲಜನಕ ಇಳಿದಿರುವುದನ್ನು ಅದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತಪ್ಪಿಸುತ್ತದೆ ಎಂದು 2020ರ ಕೊನೆಯಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಬೆಳಕಿನಿಂದ ನೋಡುವ ಯಾವ ಉಪಕರಣಕ್ಕೂ ಮೈಬಣ್ಣದ ಲೆಕ್ಕ ಬೇಕೇ ಬೇಕು.

ಗಾಜು, ಎಣ್ಣೆ ಮತ್ತು ದೀಪ

ಚರ್ಮದ ಒಳಗನ್ನು ಕೊಯ್ಯದೆ ನೋಡುವ ಯತ್ನ 1663ರಷ್ಟು ಹಳೆಯದು. ಕೋಲ್ಹಾಸ್ ಎಂಬಾತ ಉಗುರಿನ ಬುಡದ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಉಗುರಿನ ಬುಡದಲ್ಲಿ ಆದದ್ದು ಉಳಿದ ಮೈಮೇಲೆ ಸುಲಭವಿರಲಿಲ್ಲ. ಚರ್ಮದ ಮೇಲ್ಪದರ ಸತ್ತ ಕೋಶಗಳ ಒಣ ಹಾಳೆಯಂತಿದ್ದು, ಬಿದ್ದ ಬೆಳಕನ್ನು ಚದುರಿಸಿಬಿಡುತ್ತದೆ.

ಇದಕ್ಕೆ ಸಿಕ್ಕ ಪರಿಹಾರ ಎಣ್ಣೆ. ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರನ್ನು ನೋಡಿ: ಎಣ್ಣೆ ಹೀರಿದ ಜಾಗದಲ್ಲಿ ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ನಾರಿನ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿದಾಗ ಬೆಳಕು ಚದುರುವುದು ನಿಲ್ಲುತ್ತದೆ. ಜರ್ಮನಿಯ ಅರ್ನ್‌ಸ್ಟ್ ಆಬೆ 1878ರಲ್ಲಿ ಸೂಕ್ಷ್ಮದರ್ಶಕಕ್ಕೆ ಎಣ್ಣೆ ಬಳಸುವ ವಿಧಾನ ತಂದ. ಹ್ಯಾಂಬರ್ಗಿನ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ 1893ರಲ್ಲಿ ಅದೇ ಉಪಾಯವನ್ನು ಮನುಷ್ಯನ ಚರ್ಮಕ್ಕೆ ತಂದ. ಎಣ್ಣೆ ಸವರಿ, ಗಾಜು ಒತ್ತಿ, ಒಳಗೆ ನೋಡಿದ. ಅವನು ಹುಡುಕುತ್ತಿದ್ದದ್ದು ಲೂಪಸ್‌ನಂಥ ಉರಿಯೂತದ ರೋಗಗಳ ಗುರುತನ್ನು.

ಎರಡು ವರ್ಷದ ನಂತರ, 1895ರಲ್ಲಿ, ಪ್ಯಾರಿಸಿನ ಲೂಯಿ ವಿಕ್‌ಹ್ಯಾಮ್ ಲೈಕನ್ ಪ್ಲಾನಸ್ ಎಂಬ ರೋಗದ ಗುಳ್ಳೆಗಳ ಮೇಲೆ ಬಿಳಿ ಗೆರೆಗಳ ಸಣ್ಣ ಜಾಲ ಇರುವುದನ್ನು ವಿವರಿಸಿದ. ನೇರಳೆ ಬಣ್ಣದ, ಚಪ್ಪಟೆಯಾದ, ಬಲು ತುರಿಸುವ ಗುಳ್ಳೆಗಳ ರೋಗ ಅದು. ಆ ಗೆರೆಗಳಿಗೆ ಇಂದಿಗೂ ವಿಕ್‌ಹ್ಯಾಮ್ ಗೆರೆಗಳೆಂದೇ ಹೆಸರು.

ಅದೇ ಶತಮಾನದಲ್ಲಿ ವಿಯೆನ್ನಾದ ಹೈನ್ರಿಕ್ ಔಸ್ಪಿಟ್ಸ್ ಹೆಸರು ಹೊತ್ತ ಇನ್ನೊಂದು ಪರೀಕ್ಷೆಯೂ ಬಳಕೆಯಲ್ಲಿತ್ತು. ಸೋರಿಯಾಸಿಸ್‌ನ ಬಿಳಿ ಹೊಟ್ಟನ್ನು ಕೆರೆದು ತೆಗೆದರೆ ಕೆಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಏಳುತ್ತವೆ. ಅಲ್ಲಿ ರಕ್ತನಾಳಗಳು ಮೇಲ್ಪದರದ ತೀರ ಹತ್ತಿರಕ್ಕೆ ಸುರುಳಿಯಾಗಿ ಏರಿ ಬಂದಿರುವುದೇ ಕಾರಣ. ಇಂದು ಮಸೂರದ ಕೆಳಗೆ ನೋಡಿದರೆ ಅದೇ ನಾಳಗಳು ಒಂದೇ ಅಂತರದಲ್ಲಿ ಹರಡಿದ ಕೆಂಪು ಚುಕ್ಕೆಗಳಾಗಿ ಕಾಣುತ್ತವೆ. ಆಗ ಕೆರೆದು ರಕ್ತ ಬರಿಸಿ ನೋಡುತ್ತಿದ್ದದ್ದನ್ನು ಈಗ ಹನಿ ರಕ್ತವಿಲ್ಲದೆ ನೋಡಬಹುದು.

1920ರ ಆಸುಪಾಸಿನಲ್ಲಿ ಮ್ಯೂನಿಕ್‌ನ ಯೋಹಾನ್ ಸಾಫಿಯರ್ ಎರಡು ಕಣ್ಣಿನ ಸೂಕ್ಷ್ಮದರ್ಶಕಕ್ಕೆ ದೀಪ ಜೋಡಿಸಿ, ಈ ವಿದ್ಯೆಗೆ ‘ಡರ್ಮಟೋಸ್ಕೋಪಿ’ ಎಂದು ಹೆಸರಿಟ್ಟ. ಚರ್ಮದ ಕ್ಷಯವನ್ನೂ ಸಿಫಿಲಿಸ್ಸನ್ನೂ ಬೇರೆ ಮಾಡಲು ಅದನ್ನು ಬಳಸಿದ. ಅಂದರೆ ಈ ಉಪಕರಣದ ಮೊದಲ ಕೆಲಸ ಉರಿಯೂತ ಮತ್ತು ಸೋಂಕಿನ ರೋಗಗಳನ್ನು ಗುರುತಿಸುವುದೇ ಆಗಿತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಅರ್ಧ ಶತಮಾನದಲ್ಲಿ ಕಥೆ ಬೇರೆ ದಿಕ್ಕು ಹಿಡಿಯುತ್ತದೆ.

ಮಚ್ಚೆಗಳ ಹಿಂದೆ ಹೋದ ಮಸೂರ

ಬಿಳಿ ಚರ್ಮದವರಲ್ಲಿ ಮೆಲನೋಮಾ ಎಂಬ ಕ್ಯಾನ್ಸರ್ ಹೆಚ್ಚು. ಅದು ಸಾಮಾನ್ಯ ಮಚ್ಚೆಯ ವೇಷದಲ್ಲಿ ಶುರುವಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದ ರೋನಾ ಮೆಕ್ಕೀ 1971ರಲ್ಲಿ ಮಸೂರದಡಿ ಮಚ್ಚೆಗಳನ್ನು ನೋಡಿ, ಯಾವುದು ಅಪಾಯದ್ದು ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಅಂದಾಜು ಮಾಡುವ ದಾರಿ ತೋರಿಸಿದರು. 1980ರ ದಶಕದ ಕೊನೆಗೆ ಅಂಗೈಯಲ್ಲಿ ಹಿಡಿಯುವ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಡರ್ಮೋಸ್ಕೋಪ್ ಬಂತು. 1989ರಲ್ಲಿ ಹ್ಯಾಂಬರ್ಗಿನಲ್ಲಿ ಸೇರಿದ ತಜ್ಞರು ಪರಿಭಾಷೆಗೆ ಒಂದು ಒಪ್ಪಂದ ಮಾಡಿಕೊಂಡರು. ಪುಸ್ತಕಗಳು, ತರಬೇತಿಗಳು, ಚಿತ್ರಸಂಪುಟಗಳು ಎಲ್ಲವೂ ಮಚ್ಚೆ ಮತ್ತು ಕ್ಯಾನ್ಸರ್ ಕುರಿತಾದವು. ಅವುಗಳ ಚಿತ್ರಗಳಲ್ಲಿ ಇದ್ದದ್ದು ಹೆಚ್ಚಾಗಿ ಬಿಳಿ ಚರ್ಮ.

ಇದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ. ಅವರ ಊರಿನಲ್ಲಿ ಜನರನ್ನು ಕೊಲ್ಲುತ್ತಿದ್ದ ರೋಗವನ್ನು ಅವರು ಬೆನ್ನಟ್ಟಿದರು. ಆದರೆ ಉಪಕರಣದ ಜೊತೆ ಅದನ್ನು ಓದುವ ಭಾಷೆಯೂ ಬರುತ್ತದೆ. ಆ ಭಾಷೆ ಬಿಳಿ ಹಿನ್ನೆಲೆಯ ಮೇಲೆ ಬರೆದದ್ದಾಗಿತ್ತು.

ಅಳತೆಗೋಲುಗಳದ್ದೂ ಇದೇ ಕಥೆ. 1975ರಲ್ಲಿ ಹಾರ್ವರ್ಡಿನ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಚರ್ಮದ ಬಗೆಗಳನ್ನು ವಿಂಗಡಿಸಿದಾಗ ಅದು ಬಿಳಿ ಚರ್ಮದವರಿಗಾಗಿ ಮಾಡಿದ್ದು; ಸೋರಿಯಾಸಿಸ್‌ಗೆ ಬೆಳಕಿನ ಚಿಕಿತ್ಸೆ ಕೊಡುವಾಗ ಎಷ್ಟು ಪ್ರಮಾಣ ಎಂದು ತಿಳಿಯಲು. ಕಂದು ಮತ್ತು ಕಪ್ಪು ಚರ್ಮದ ಐದು, ಆರನೆಯ ಬಗೆಗಳನ್ನು ನಂತರ ಸೇರಿಸಿದರು. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ಬಗೆಗೆ ಸೇರುತ್ತೇವೆ. 1978ರಲ್ಲಿ ಬಂದ ‘ಪಾಸಿ’ ಎಂಬ ಲೆಕ್ಕ ಸೋರಿಯಾಸಿಸ್ ಎಷ್ಟು ತೀವ್ರ ಎಂದು ಅಳೆಯುತ್ತದೆ. ಅದರಲ್ಲಿ ಕೆಂಪು, ದಪ್ಪ, ಹೊಟ್ಟು ಮೂರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಂದು ಮೈಯಲ್ಲಿ ಕೆಂಪು ಕಾಣದಿದ್ದರೆ ಮೂರರಲ್ಲಿ ಒಂದು ಅಂಕ ತಾನಾಗಿ ಇಳಿಯುತ್ತದೆ. ಇದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಂತೆ ಅಲ್ಲ. ದುಬಾರಿ ಔಷಧಿ ಯಾರಿಗೆ ಕೊಡಬೇಕು ಎಂಬ ತೀರ್ಮಾನ ಎಷ್ಟೋ ಕಡೆ ಈ ಅಂಕದ ಮೇಲೆಯೇ ನಿಂತಿರುತ್ತದೆ.

ಮಸೂರ ಮತ್ತೆ ಉರಿಯೂತದ ಕಡೆ ತಿರುಗಿದ್ದು 1990ರ ದಶಕದ ಕೊನೆಗೆ. 1997ರಲ್ಲಿ ಇಟಲಿಯ ಅರ್ಜೆಂಜಿಯಾನೊ ಮತ್ತು ಸಂಗಡಿಗರು ಕಜ್ಜಿಯ ಹುಳವನ್ನು ಡರ್ಮೋಸ್ಕೋಪಿನಲ್ಲಿ ನೇರವಾಗಿ ನೋಡಬಹುದು ಎಂದು ತೋರಿಸಿದರು. ಹುಳದ ಮುಂಭಾಗ ಸಣ್ಣ ಕಂದು ತ್ರಿಕೋನ, ಹಿಂದೆ ಅದು ಕೊರೆದ ದಾರಿ ಬಿಳಿ ಗೆರೆ. ಜೆಟ್ ವಿಮಾನವೂ ಅದು ಬಿಟ್ಟ ಹೊಗೆಯೂ ಇದ್ದಂತೆ. 2000ದ ಹೊತ್ತಿಗೆ ಧ್ರುವೀಕೃತ ಬೆಳಕಿನ ಡರ್ಮೋಸ್ಕೋಪ್ ಬಂದ ಮೇಲೆ ಎಣ್ಣೆಯೂ ಬೇಡವಾಯಿತು, ಗಾಜು ಒತ್ತುವುದೂ ಬೇಡವಾಯಿತು. ಇದು ಉರಿಯೂತಕ್ಕೆ ದೊಡ್ಡ ಅನುಕೂಲ. ಗಾಜು ಒತ್ತಿದರೆ ನಾಳದ ರಕ್ತ ಪಕ್ಕಕ್ಕೆ ಸರಿದು, ನೋಡಬೇಕಾದದ್ದೇ ಮಾಯವಾಗುತ್ತಿತ್ತು.

ನಮ್ಮ ಹೊಲದ ರೋಗ, ನಮ್ಮ ಅಂಗಡಿಯ ಮುಲಾಮು

ಅತ್ತ ಹೀಗೆಲ್ಲ ನಡೆಯುವಾಗ ಇತ್ತ ನಮ್ಮ ನೆಲಕ್ಕೆ ಉರಿಯೂತದ ಹೊಸ ಕಾರಣವೊಂದು ಬಂದು ಬೇರೂರಿತ್ತು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ ಕೆಲವೇ ದಶಕಗಳಲ್ಲಿ ದೇಶದ ಬಹುಭಾಗಕ್ಕೆ ಹಬ್ಬಿತು. ನಮ್ಮ ಕಡೆ ಅದು ಕಾಂಗ್ರೆಸ್ ಕಸ. ಅದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿ ಬಂದರೂ ಸಾಕು, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈಯ ಒಳಮಡಿಕೆಗಳಲ್ಲಿ ತುರಿಕೆ ಹತ್ತಿ, ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಅಪಾಯಕಾರಿ ಕಳೆ ಎಂದು ಘೋಷಿಸಿತು. 1983ರಲ್ಲಿ ಮೆಕ್ಸಿಕೋದಿಂದ ಎಲೆ ತಿನ್ನುವ ದುಂಬಿಯನ್ನು ತರಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಉಳಿಯಿತು, ಗಿಡವೂ ಉಳಿಯಿತು.

ಈ ರೋಗವನ್ನು ಖಚಿತಪಡಿಸುವುದು ಬೆನ್ನಿಗೆ ಪಟ್ಟಿ ಹಚ್ಚುವ ಪರೀಕ್ಷೆಯಿಂದ. 1895ರಲ್ಲಿ ಯೋಸೆಫ್ ಯಾಡಾಸೋನ್ ಶುರುಮಾಡಿದ ವಿಧಾನ ಅದು. ಅನುಮಾನದ ವಸ್ತುವನ್ನು ಚರ್ಮಕ್ಕೆ ಅಂಟಿಸಿ, ಎರಡು ದಿನದ ನಂತರ ತೆಗೆದು, ಚರ್ಮ ಕೆಂಪಾಗಿದೆಯೇ ಎಂದು ನೋಡುವುದು. ಇಲ್ಲೂ ಮತ್ತೆ ಕೆಂಪು! ನಮ್ಮ ವೈದ್ಯರು ಕಣ್ಣಿನ ಜೊತೆ ಬೆರಳನ್ನೂ ಬಳಸಿ, ಜಾಗ ಉಬ್ಬಿದೆಯೇ ಎಂದು ಮುಟ್ಟಿ ಓದುವುದನ್ನು ರೂಢಿಸಿಕೊಂಡದ್ದು ಇದಕ್ಕಾಗಿಯೇ.

ಮೆಣಸಿನಕಾಯಿಯ ಉರಿ ಇದಕ್ಕಿಂತ ಬೇರೆ. ಅದರ ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರದ ಬಾಗಿಲನ್ನೇ ತಟ್ಟುತ್ತದೆ. ಆ ಬಾಗಿಲು ಯಾವುದೆಂದು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಹಾಗಾಗಿ ಮೆಣಸಿನಕಾಯಿಯಿಂದ ಕೈ ಉರಿಯುವಾಗ ಚರ್ಮದಲ್ಲಿ ಅಲರ್ಜಿ ಇರಬೇಕೆಂದಿಲ್ಲ. ಉರಿ ಒಂದೇ, ಕಾರಣ ಬೇರೆ, ಮದ್ದೂ ಬೇರೆ.

ಕಾರಣ ಬೇರೆ ಮಾಡದೆ ಮದ್ದು ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ ಸ್ಟಿರಾಯ್ಡ್ ಮುಲಾಮು. ಬಸ್‌ಸ್ಟ್ಯಾಂಡ್ ಎದುರಿನ ಔಷಧಿ ಅಂಗಡಿಯಲ್ಲಿ ‘ತುರಿಕೆಗೆ ಏನಾದರೂ ಕೊಡಿ’ ಎಂದರೆ ಕೈಗೆ ಬರುವ ಟ್ಯೂಬಿನಲ್ಲಿ ಎಷ್ಟೋ ಸಲ ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯಾದ ಔಷಧಿ, ಪ್ರಬಲ ಸ್ಟಿರಾಯ್ಡ್ ಎಲ್ಲ ಕೂಡಿರುತ್ತವೆ. ಸ್ಟಿರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಉರಿಯೂತ ತಗ್ಗಿಸುತ್ತದೆ, ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಇಸುಬಿಗೆ ಸರಿಯಾದ ಪ್ರಮಾಣದಲ್ಲಿ ಇದು ಒಳ್ಳೆಯ ಮದ್ದೇ. ಆದರೆ ಹುಳುಕಡ್ಡಿಗೆ ಹಚ್ಚಿದರೆ ದೇಹದ ಕಾವಲು ಸಡಿಲಗೊಂಡು ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ. ಉಂಗುರದ ಅಂಚು ಅಳಿಸಿಹೋಗಿ, ನೋಡಿದವರಿಗೆ ಗುರುತೇ ಸಿಗದಂತಾಗುತ್ತದೆ.

ಚರ್ಮವೈದ್ಯರ ರಾಷ್ಟ್ರೀಯ ಸಂಘ ಇದರ ವಿರುದ್ಧ ವರ್ಷಗಳ ಕಾಲ ದನಿ ಎತ್ತಿತು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಪಟ್ಟಿಗೆ ಸೇರಿಸಿತು. ಈ ನಡುವೆ ಭಾರತದ ಹುಳುಕಡ್ಡಿಯೇ ಬದಲಾಗಿತ್ತು. ಸಾಮಾನ್ಯ ಔಷಧಿಗೆ ಜಗ್ಗದ ಹೊಸ ಶಿಲೀಂಧ್ರಕ್ಕೆ ಜಪಾನಿನ ಸಂಶೋಧಕರು 2020ರಲ್ಲಿ ‘ಟ್ರೈಕೋಫೈಟನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ರೋಗಾಣುವಿನ ಹೆಸರಿನೊಳಗೆ ಸೇರಿಕೊಂಡಿತು.

ಒಂದು ಕಲೆಯನ್ನು ನೋಡಿ ‘ಇದು ಇಸುಬು, ಇದು ಸೋರಿಯಾಸಿಸ್, ಇದು ಹುಳುಕಡ್ಡಿ’ ಎಂದು ಮೊದಲ ಭೇಟಿಯಲ್ಲೇ ಬೇರೆ ಮಾಡುವುದು ಯಾಕೆ ಮುಖ್ಯ ಎಂಬುದು ಇಲ್ಲಿ ತಿಳಿಯುತ್ತದೆ. ಬಯಾಪ್ಸಿ ಮಾಡಿ ತಿಳಿಯಬಹುದು. ಅದಕ್ಕೆ ಮೂರು, ನಾಲ್ಕು ಮಿಲಿಮೀಟರಿನ ಚರ್ಮದ ತುಂಡು ತೆಗೆಯಬೇಕು, ಹೊಲಿಗೆ ಹಾಕಬೇಕು, ವರದಿಗೆ ದಿನಗಟ್ಟಲೆ ಕಾಯಬೇಕು. ತೊಟ್ಟು ಬಿಡಿಸಿ ದಿನಗೂಲಿ ಪಡೆಯುವವರಿಗೆ ಹೊಲಿಗೆ ಬಿದ್ದ ಬೆರಳು ಎಂದರೆ ಕೂಲಿ ಹೋದ ವಾರ.

ಬಾಗಲಕೋಟೆಯಿಂದ ಬಂದ ಪಾಠ

ಕಂದು ಚರ್ಮವನ್ನು ಡರ್ಮೋಸ್ಕೋಪಿನಲ್ಲಿ ಓದುವುದು ಹೇಗೆ ಎಂಬುದಕ್ಕೆ ಪಾಠ ಬರೆದವರಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಇದ್ದಾರೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಲ್ಲಿ ಶುರುವಾದದ್ದು. ಅದರ ಆಸ್ಪತ್ರೆಗೆ ಹಾನಗಲ್ಲ ಶ್ರೀ ಕುಮಾರೇಶ್ವರರ ಹೆಸರಿದೆ. 1909ರಲ್ಲಿ ಬಾದಾಮಿ ಬಳಿ ಶಿವಯೋಗ ಮಂದಿರ ಕಟ್ಟಿದ ಆ ಸ್ವಾಮಿಗಳು ಹುಟ್ಟಿದ್ದು ನಮ್ಮದೇ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ, 1867ರಲ್ಲಿ.

ಈ ಕಾಲೇಜಿನ ಚರ್ಮವೈದ್ಯ ಡಾ. ಬಾಲಚಂದ್ರ ಅಂಕದ ಮತ್ತು ಸಹೋದ್ಯೋಗಿಗಳು ಹೊರರೋಗಿ ವಿಭಾಗಕ್ಕೆ ಬಂದವರ ಚರ್ಮವನ್ನೇ ಡರ್ಮೋಸ್ಕೋಪಿನಲ್ಲಿ ನೋಡಿ ದಾಖಲಿಸುತ್ತ ಬಂದರು. 2016ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ ದಪ್ಪಗಟ್ಟಿದ ಲೈಕನ್ ಪ್ಲಾನಸ್ ಮತ್ತು ಪ್ರುರಿಗೊ ಎಂಬ ತುರಿಕೆ ಗಂಟುಗಳನ್ನು ಎದುರುಬದುರು ಇಟ್ಟು ನೋಡಿತು. ಎರಡೂ ಕಾಲಿನ ಮೇಲೆ ಗಟ್ಟಿ ಗಂಟುಗಳಾಗಿ ಬಂದರೆ ಬರಿಗಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. 2021ರಲ್ಲಿ ಅವರು ಇನ್ನಿಬ್ಬರ ಜೊತೆ ಸಂಪಾದಿಸಿದ ಪುಸ್ತಕ, ಕಂದು ಚರ್ಮದಲ್ಲಿ ಮಸೂರದಡಿ ಕಂಡದ್ದನ್ನು ಬಯಾಪ್ಸಿಯಲ್ಲಿ ಕಂಡದ್ದರ ಪಕ್ಕದಲ್ಲಿಟ್ಟು ತೋರಿಸುತ್ತದೆ. ಯಾವ ಚುಕ್ಕೆ ಒಳಗಿನ ಯಾವ ಬದಲಾವಣೆಯ ನೆರಳು ಎಂದು ಒಂದೊಂದಾಗಿ ತಾಳೆ ನೋಡುವ ಕೆಲಸ ಇದು. ಹೀಗೆ ತಾಳೆ ನೋಡಿದ ಮೇಲಷ್ಟೇ ಮುಂದಿನ ರೋಗಿಗೆ ಬಯಾಪ್ಸಿ ಬೇಡ ಎಂದು ಧೈರ್ಯವಾಗಿ ಹೇಳಲು ಬರುತ್ತದೆ.

ಹಾಗಾದರೆ ಮಸೂರದಡಿ ಏನು ಕಾಣುತ್ತದೆ? ಸೋರಿಯಾಸಿಸ್‌ನಲ್ಲಿ ಬಿಳಿ ಹೊಟ್ಟು, ಒಂದೇ ಸಮನೆ ಹರಡಿದ ಚುಕ್ಕೆನಾಳಗಳು. ಇಸುಬಿನಲ್ಲಿ ಹಳದಿ ಹಕ್ಕಳೆ, ಅಲ್ಲಲ್ಲಿ ಗುಂಪಾದ ಚುಕ್ಕೆಗಳು. ಲೈಕನ್ ಪ್ಲಾನಸ್‌ನಲ್ಲಿ ವಿಕ್‌ಹ್ಯಾಮನ ಬಿಳಿ ಜಾಲ. ಮುಖದ ಮೇಲೆ ಕಲೆಗಟ್ಟುವ ಲೂಪಸ್‌ನಲ್ಲಿ ಮುಚ್ಚಿಹೋದ ರೋಮರಂಧ್ರಗಳು. ಹುಳುಕಡ್ಡಿಯಲ್ಲಿ ಸಣ್ಣ ಕೂದಲು ತುಂಡುತುಂಡಾಗಿ, ತಂತಿ ಸಂದೇಶದ ಮೋರ್ಸ್ ಸಂಕೇತದಂತೆ ಗೆರೆ, ಖಾಲಿ, ಗೆರೆ. ಸ್ಟಿರಾಯ್ಡ್ ಹೆಚ್ಚು ಬಳಸಿದ ಚರ್ಮದಲ್ಲಿ ತೆಳುವಾದ ಪದರದಡಿ ಕವಲೊಡೆದ ನಾಳಗಳು.

ಕಂದು ಚರ್ಮದಲ್ಲಿ ಚುಕ್ಕೆನಾಳಗಳು ಮಂಕಾಗಿ ಕಾಣುವುದು ನಿಜ. ಆದರೆ ಕೆಂಪನ್ನು ಮರೆಮಾಡುವ ಅದೇ ಮೆಲನಿನ್ ಇನ್ನೊಂದು ಸುದ್ದಿ ಹೇಳುತ್ತದೆ. ಅದು ಚರ್ಮದ ತುತ್ತತುದಿಯಲ್ಲಿದ್ದರೆ ಕಪ್ಪಾಗಿ, ಸ್ವಲ್ಪ ಕೆಳಗೆ ಕಂದಾಗಿ, ಇನ್ನೂ ಆಳಕ್ಕೆ ಬಿದ್ದರೆ ಬೂದುನೀಲಿಯಾಗಿ ಕಾಣುತ್ತದೆ. ಉರಿಯೂತ ಮೇಲ್ಪದರದ ತಳವನ್ನು ಕೆಡವಿದಾಗ ವರ್ಣದ್ರವ್ಯ ಕೆಳಕ್ಕೆ ಸುರಿಯುತ್ತದೆ. ಆಗ ಬೂದುನೀಲಿ ಚುಕ್ಕೆಗಳು ಹರಡಿ ಕಾಣುತ್ತವೆ. ಮೆಲನಿನ್ ಕಡಿಮೆ ಇರುವ ಬಿಳಿ ಚರ್ಮದಲ್ಲಿ ಈ ಗುರುತು ಇಷ್ಟು ಚೆನ್ನಾಗಿ ಮೂಡುವುದಿಲ್ಲ. ವಿಕ್‌ಹ್ಯಾಮನ ಬಿಳಿ ಗೆರೆಯೂ ಗಾಢ ಹಿನ್ನೆಲೆಯ ಮೇಲೆ ಎದ್ದು ಕಾಣುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕಾಣುವಂತೆ ಎನ್ನಿ.

2020ರಲ್ಲಿ ಅಂತರರಾಷ್ಟ್ರೀಯ ಡರ್ಮೋಸ್ಕೋಪಿ ಸಂಘದ ತಜ್ಞರು ಕ್ಯಾನ್ಸರಲ್ಲದ ಚರ್ಮರೋಗಗಳಿಗೆ ನೋಡಬೇಕಾದ ಐದು ಅಂಶಗಳ ಪಟ್ಟಿಯನ್ನು ಒಪ್ಪಿ ಪ್ರಕಟಿಸಿದರು: ನಾಳ, ಹೊಟ್ಟು, ರೋಮರಂಧ್ರ, ಇತರ ರಚನೆಗಳು, ಆಯಾ ರೋಗದ ವಿಶೇಷ ಗುರುತು. ಹ್ಯಾಂಬರ್ಗಿನಲ್ಲಿ ಮಚ್ಚೆಗಳಿಗೆ ಇಂಥ ಒಪ್ಪಂದ ಆಗಿ 30 ವರ್ಷ ಕಳೆದಿತ್ತು.

ಇನ್ನೂ ಆಳಕ್ಕೆ ಇಳಿದವರು

ಡರ್ಮೋಸ್ಕೋಪ್ ಮೇಲಿನಿಂದ ನೋಡುತ್ತದೆ. ಒಳಪದರಗಳನ್ನು ನೋಡುವ ಯಂತ್ರಗಳೂ ಬಂದಿವೆ. 1979ರಲ್ಲಿ ಅಲೆಕ್ಸಾಂಡರ್ ಮತ್ತು ಮಿಲ್ಲರ್ ಶಬ್ದದ ಅಲೆಗಳಿಂದ ಚರ್ಮದ ದಪ್ಪ ಅಳೆದರು. ಹೊಟ್ಟೆಯಲ್ಲಿನ ಮಗುವನ್ನು ನೋಡುವ ಸ್ಕ್ಯಾನಿಂಗ್‌ನ ತಮ್ಮ ಇದು, ದನಿ ಮಾತ್ರ ಇನ್ನೂ ಕೀರಲು. 1991ರಲ್ಲಿ ಅಮೆರಿಕದಲ್ಲಿ ಕಣ್ಣಿಗಾಗಿ ರೂಪುಗೊಂಡ ಓಸಿಟಿ ಬೆಳಕಿನ ಪ್ರತಿಫಲನದಿಂದ ಪದರಗಳ ಚಿತ್ರ ತೆಗೆಯುತ್ತದೆ. 1997ರಲ್ಲಿ ಜರ್ಮನಿಯಲ್ಲಿ ಅದನ್ನು ಚರ್ಮಕ್ಕೆ ಬಳಸಿದರು. ಒಂದೆರಡು ಮಿಲಿಮೀಟರ್ ಆಳ ಅದರ ಮಿತಿ.

1995ರಲ್ಲಿ ಬಾಸ್ಟನ್ನಿನಲ್ಲಿ ಮಿಲಿಂದ ರಾಜಾಧ್ಯಕ್ಷ ಮತ್ತು ಸಂಗಡಿಗರು ಜೀವಂತ ಚರ್ಮದ ಕೋಶಗಳನ್ನು ಲೇಸರ್ ಸೂಕ್ಷ್ಮದರ್ಶಕದಿಂದ ಒಂದೊಂದಾಗಿ ನೋಡುವ ಕಾನ್ಫೋಕಲ್ ಯಂತ್ರದ ಫಲಿತಾಂಶ ಪ್ರಕಟಿಸಿದರು. ಅವರ ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆದದ್ದು ಮೆಲನಿನ್. ಬರಿಗಣ್ಣಿಗೆ ಪರದೆಯಾಗಿದ್ದದ್ದು ಆ ಯಂತ್ರದಲ್ಲಿ ದೀಪವಾಯಿತು.

1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವೂ ಈ ಸಾಲಿಗೆ ಸೇರಿದೆ. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ರಾಮನ್ ಚರ್ಮವನ್ನು ಮನಸ್ಸಿನಲ್ಲಿಟ್ಟು ಅದನ್ನು ಕಂಡುಹಿಡಿದವರಲ್ಲ. ಆದರೆ 2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ಚದುರಿದ ಬೆಳಕಿನ ಬಣ್ಣ ಬದಲಾವಣೆಯಿಂದಲೇ ಜೀವಂತ ಚರ್ಮದ ಯಾವ ಪದರದಲ್ಲಿ ಎಷ್ಟು ನೀರಿದೆ ಎಂದು ಅಳೆದು ತೋರಿಸಿದರು. ಇಸುಬಿನ ಚರ್ಮ ಯಾಕೆ ನೀರು ಹಿಡಿದುಕೊಳ್ಳುವುದಿಲ್ಲ ಎಂದು ತಿಳಿಯಲು ಇದು ನೆರವಾಗುತ್ತದೆ.

ಈ ಯಂತ್ರಗಳೆಲ್ಲ ದುಬಾರಿ, ಇರುವುದು ದೊಡ್ಡ ಊರಿನ ಸಂಶೋಧನಾ ಕೇಂದ್ರಗಳಲ್ಲಿ. ಕರ್ಜಗಿಯ ಮಟ್ಟಿಗೆ ಕೈಗೆಟುಕುವುದು ಡರ್ಮೋಸ್ಕೋಪ್ ಒಂದೇ. ಅದಕ್ಕೂ ಮಿತಿ ಇದೆ. ಕುಷ್ಠರೋಗದ ಅನುಮಾನವಿರುವ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಇದೆಯೇ ಎಂದು ಮುಟ್ಟಿಯೇ ನೋಡಬೇಕು. ಹುಳುಕಡ್ಡಿಯ ಅನುಮಾನಕ್ಕೆ ಕೆರೆದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪರೀಕ್ಷೆಯನ್ನು ಬಿಡುವಂತಿಲ್ಲ. ಗೊಂದಲ ಉಳಿದರೆ ಬಯಾಪ್ಸಿಯೇ ಗತಿ. ಮಸೂರದಿಂದ ಆಗುವ ಉಪಕಾರ, ಯಾರಿಗೆ ಬಯಾಪ್ಸಿ ಬೇಕು, ಯಾರಿಗೆ ಬೇಡ ಎಂದು ಮೊದಲೇ ಬೇರ್ಪಡಿಸುವುದು.

ಚಿತ್ರಗಳ ಲೆಕ್ಕ ಯಾರ ಬಳಿ?

ಈಗ ಮುಂದಿನ ಅಧ್ಯಾಯ ಶುರುವಾಗಿದೆ. ಹಳ್ಳಿಯ ಆರೋಗ್ಯ ಕೇಂದ್ರದಿಂದ ಇ-ಸಂಜೀವಿನಿ ಮೂಲಕ ದೂರದ ತಜ್ಞರನ್ನು ಕೇಳಬಹುದು. ಫೋಟೊ ನೋಡಿ ರೋಗ ಹೇಳುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬಂದಿವೆ. ಆದರೆ 2022ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಕೆಲವು ತಂತ್ರಾಂಶಗಳನ್ನು ಬೇರೆಬೇರೆ ಮೈಬಣ್ಣದವರ ಚಿತ್ರಗಳ ಮೇಲೆ ಪರೀಕ್ಷಿಸಿದಾಗ, ಗಾಢ ಬಣ್ಣದ ಚರ್ಮದಲ್ಲಿ ಅವು ಹೆಚ್ಚು ಎಡವಿದವು. ಕಲಿಯಲು ಕೊಟ್ಟ ಚಿತ್ರಗಳಲ್ಲಿ ಅಂಥ ಚರ್ಮ ಕಡಿಮೆ ಇತ್ತು. 1989ರ ಚಿತ್ರಸಂಪುಟದ ಕೊರತೆ ಯಂತ್ರದೊಳಕ್ಕೂ ನುಸುಳಿತ್ತು.

ಈ ಕೊರತೆ ತುಂಬುವ ದಾರಿ ಬಾಗಲಕೋಟೆಯವರು ತೋರಿಸಿದ್ದೇ: ನಮ್ಮ ಆಸ್ಪತ್ರೆಗೆ ಬಂದ ನಮ್ಮ ಜನರ ಚರ್ಮವನ್ನು, ಅವರ ಒಪ್ಪಿಗೆ ಪಡೆದು, ಚಿತ್ರ ತೆಗೆದು, ಬಯಾಪ್ಸಿ ಮಾಡಿದಲ್ಲಿ ಅದರ ಜೊತೆ ತಾಳೆ ನೋಡಿ ದಾಖಲಿಸುವುದು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ನಮ್ಮ ಭಾಗದವರು ಹೆಚ್ಚಿನ ಚಿಕಿತ್ಸೆಗೆ ರೈಲು ಹತ್ತಿ ಅಲ್ಲಿಗೆ ಹೋಗುವುದು ರೂಢಿಯಾಯಿತು. ಈಗ ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೆಣಸಿನಕಾಯಿ ಮಾರುಕಟ್ಟೆ ಪಕ್ಕದಲ್ಲಿದೆ, ಕಾಂಗ್ರೆಸ್ ಕಸ ದಾರಿಯುದ್ದಕ್ಕೂ ಇದೆ. ಕೈಉರಿ, ಕುತ್ತಿಗೆ ತುರಿಕೆ, ಗುರುತಳಿದ ಹುಳುಕಡ್ಡಿ ಇವುಗಳ ಚಿತ್ರಕೋಶಕ್ಕೆ ಇದಕ್ಕಿಂತ ತಕ್ಕ ಜಾಗ ಬೇರೆಲ್ಲಿ ಸಿಕ್ಕೀತು? ಜಿಲ್ಲೆಯ ಪ್ರತಿ ಸಮುದಾಯ ಆರೋಗ್ಯ ಕೇಂದ್ರಕ್ಕೊಂದು ಡರ್ಮೋಸ್ಕೋಪ್, ಅದನ್ನು ಓದಲು ವೈದ್ಯರಿಗೆ ತರಬೇತಿ ಎಂದು ನಾವು ಕೇಳಬೇಕು. ನಮ್ಮ ಗ್ರಾಮಸಭೆಗಳಲ್ಲಿ ರಸ್ತೆ, ನೀರಿನ ಜೊತೆ ಈ ಮಾತೂ ಬರಲಿ.

ಅಲ್ಲಿಯವರೆಗೆ ಓದುಗರಿಗೆ ಒಂದೇ ಮನವಿ. ತುರಿಕೆ ಎಂದು ವೈದ್ಯರ ಬಳಿ ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಮುಲಾಮುಗಳ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಗುರುತು ರೋಗದ್ದು, ಯಾವುದು ಮುಲಾಮಿನದ್ದು ಎಂದು ಬೇರೆ ಮಾಡಲು ಆ ಚೀಲ ಮಸೂರಕ್ಕೆ ಕಡಿಮೆಯಿಲ್ಲದಷ್ಟು ನೆರವಾಗುತ್ತದೆ. ಮನೆಯಲ್ಲಿ ಕಪ್ಪು ಮೈಬಣ್ಣದವರು ‘ಉರೀತದ’ ಎಂದಾಗ, ಕೆಂಪು ಕಾಣುತ್ತಿಲ್ಲವಲ್ಲ ಎಂದು ತಳ್ಳಿಹಾಕಬೇಡಿ.